ಎಫ್1ಗೆ ಹೊಸ ತಂಡ ಬರಲು 450 ಮಿಲಿಯನ್ ಡಾಲರ್ ಯಾಕೆ?

ಎಫ್1ಗೆ, ಅಂದರೆ ಫಾರ್ಮುಲಾ ಒನ್ ಕಾರ್ ರೇಸಿಗೆ, ಹನ್ನೊಂದನೆಯ ತಂಡವಾಗಿ ಬರಲು ಅಮೆರಿಕದ ಕಾರು ಕಂಪನಿ ಕ್ಯಾಡಿಲಾಕ್ 450 ಮಿಲಿಯನ್ ಡಾಲರ್ ಕಟ್ಟಿದೆಯಂತೆ, ರೇಸ್ ಕಾರು ಮಾಡೋಕೆ ಅಷ್ಟು ಖರ್ಚಾಗುತ್ತದಾ ಎಂದು ಕೇಳಿದ್ದೀರಿ. ಅದು ಕಾರಿನ ಖರ್ಚೇ ಅಲ್ಲ. ಆ ದುಡ್ಡಿನಲ್ಲಿ ಅವರಿಗೆ ಒಂದು ನಟ್ಟೂ ಸಿಗುವುದಿಲ್ಲ.

ಪಂಕ್ತಿಯಲ್ಲಿ ಹತ್ತು ಜನ ಕೂತಿದ್ದಾರೆ, ಪಾಯಸದ ಪಾತ್ರೆ ಒಂದೇ. ಹನ್ನೊಂದನೆಯವನು ಬಂದು ಕೂತರೆ ಎಲ್ಲರ ಪಾಲೂ ಕಮ್ಮಿಯಾಗುತ್ತದೆ, ಅಲ್ವಾ? ಎಫ್1 ತಂಡಗಳಿಗೆ ಹಂಚುವ ಬಹುಮಾನದ ಹಣವೂ ಹಾಗೇ. ಆ ನಷ್ಟವನ್ನು ಹೊಸಬನೇ ತುಂಬಿಕೊಡಲಿ ಅಂತ 2021ರ ಕಾಂಕಾರ್ಡ್ ಒಪ್ಪಂದದಲ್ಲಿ (ತಂಡಗಳು ಮತ್ತು ಎಫ್1 ನಡೆಸುವವರ ನಡುವಿನ ಕರಾರು) 200 ಮಿಲಿಯನ್ ಡಾಲರ್ ಶುಲ್ಕ ಇಟ್ಟರು. ಹಳೆಯ ಹತ್ತು ತಂಡಗಳು ಅದನ್ನು ಹಂಚಿಕೊಳ್ಳುತ್ತವೆ. ಕ್ಯಾಡಿಲಾಕ್ ಸರದಿ ಬರುವಷ್ಟರಲ್ಲಿ ಅದು 450 ಆಯಿತೆಂದು ವರದಿಯಾಯಿತು. ಆಗಿನ ಲೆಕ್ಕದಲ್ಲಿ 3,800 ಕೋಟಿ ರೂಪಾಯಿಯ ಆಸುಪಾಸು.

ಇದು ಜಾಸ್ತಿಯಾಯಿತು ಅನಿಸಿದರೆ 2010 ನೆನಪಿಸಿಕೊಳ್ಳಿ. ವರ್ಷಕ್ಕೆ 40 ಮಿಲಿಯನ್ ಪೌಂಡ್ ಖರ್ಚಿನ ಮಿತಿ ತರುತ್ತೇವೆ ಎಂದು ಈ ರೇಸಿಗೆ ನಿಯಮ ಮಾಡುವ ಸಂಸ್ಥೆ ಎಫ್‌ಐಎಯ ಆಗಿನ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ಹೇಳಿದ್ದರು. ಅದನ್ನು ನಂಬಿ ಲೋಟಸ್, ವರ್ಜಿನ್, ಎಚ್‌ಆರ್‌ಟಿ ಎಂಬ ಹೊಸ ತಂಡಗಳು ಬಂದವು. ದೊಡ್ಡ ತಂಡಗಳು ಜಗಳಕ್ಕೆ ನಿಂತವು, ಮಿತಿ ಬರಲೇ ಇಲ್ಲ. ಯುಎಸ್ ಎಫ್1 ಎಂಬ ನಾಲ್ಕನೆಯ ತಂಡ ರೇಸಿನ ಆರಂಭದ ಗೆರೆಯವರೆಗೂ ತಲುಪಲಿಲ್ಲ. ಚೆನ್ನೈನ ಕರುಣ್ ಚಂದೋಕ್ ತಮ್ಮ ಎಚ್‌ಆರ್‌ಟಿ ಕಾರನ್ನು ಮೊದಲ ಸಲ ಓಡಿಸಿದ್ದು ಬಹ್ರೇನ್‌ನ ಕ್ವಾಲಿಫೈಯಿಂಗ್‌ನಲ್ಲಿ (ಯಾರು ಎಲ್ಲಿಂದ ರೇಸ್ ಶುರು ಮಾಡಬೇಕೆಂದು ತೀರ್ಮಾನಿಸುವ ಸುತ್ತು)! ಅದಕ್ಕೂ ಮುಂಚೆ ಕಾರೇ ಸಿದ್ಧವಾಗಿರಲಿಲ್ಲ. 2011ರಲ್ಲೂ 2012ರಲ್ಲೂ ಮೆಲ್ಬರ್ನ್‌ನಲ್ಲಿ ಎಚ್‌ಆರ್‌ಟಿಯ ಎರಡೂ ಕಾರುಗಳು ತೀರಾ ನಿಧಾನವಾಗಿ, ರೇಸಿಗೇ ಅರ್ಹವಾಗಲಿಲ್ಲ. 2011ರ ಬುದ್ಧ ಸರ್ಕ್ಯೂಟ್ ರೇಸಿನಲ್ಲಿ ನರೇನ್ ಕಾರ್ತಿಕೇಯನ್ ಎಚ್‌ಆರ್‌ಟಿ ಕಾರಿನಲ್ಲಿ 17ನೆಯವರಾಗಿ ಬಂದಾಗ ನಾನು ಟಿವಿ ಮುಂದೆ ಗೆದ್ದವರಂತೆ ಕುಣಿದಿದ್ದೆ. ಆ ಕಾರಿನಲ್ಲಿ ಅದು ಗೆಲುವೇ ಬಿಡಿ. 2012ರ ಕೊನೆಗೆ ಎಚ್‌ಆರ್‌ಟಿ ಹೋಯಿತು. ಲೋಟಸ್ ಹೆಸರು ಬದಲಿಸಿ ಕೇಟರ್‌ಹ್ಯಾಮ್ ಆಗಿ 2014ರಲ್ಲಿ ಮುಳುಗಿತು. ವರ್ಜಿನ್ ಕೊನೆಗೆ ಮೇನರ್ ಆಗಿ 2017ರ ಆರಂಭದಲ್ಲಿ ಬಾಗಿಲು ಹಾಕಿತು.

ಆದ್ದರಿಂದ ಜೇಬು ಗಟ್ಟಿ ಇದ್ದವರೇ ಬರಲಿ ಅನ್ನುವ ವಾದವನ್ನು ಅರ್ಧ ಒಪ್ಪುತ್ತೇನೆ. ಉಳಿದರ್ಧ ಸುಮ್ನೆ ಸಬೂಬು. ಮೋಸ್ಲಿ ಬಯಸಿದ್ದ ಖರ್ಚಿನ ಮಿತಿ, 145 ಮಿಲಿಯನ್ ಡಾಲರ್ ಆಗಿ, 2021ರಲ್ಲಿ ಬಂತು. ಖರ್ಚು ಹಿಡಿತಕ್ಕೆ ಬಂದ ಮೇಲೆ ತಂಡಗಳು ಲಾಭದ ಆಸ್ತಿಯಾದವು, ಒಳಗೆ ಬರುವ ಬೆಲೆ ಗಗನಕ್ಕೇರಿತು. 2007ರಲ್ಲಿ ನಮ್ಮ ವಿಜಯ್ ಮಲ್ಯ ಮತ್ತು ಪಾಲುದಾರರು ಸ್ಪೈಕರ್ ತಂಡವನ್ನು ಫ್ಯಾಕ್ಟರಿ ಸಮೇತ ಕೊಂಡಿದ್ದು 88 ಮಿಲಿಯನ್ ಯೂರೋಗೆ. ಅದೇ ಫೋರ್ಸ್ ಇಂಡಿಯಾ ಆಯಿತು. 2009ರಲ್ಲಿ ಹೋಂಡಾ ತನ್ನ ತಂಡವನ್ನು ಅದರ ಮುಖ್ಯಸ್ಥ ರಾಸ್ ಬ್ರಾನ್‌ಗೆ ಒಂದು ಪೌಂಡಿಗೆ ಕೊಟ್ಟುಬಿಟ್ಟಿತ್ತು. 2023ರಲ್ಲಿ ಆಲ್ಪಿನ್ ತಂಡದ ಬರೀ 24 ಶೇಕಡಾ ಪಾಲು 200 ಮಿಲಿಯನ್ ಯೂರೋಗೆ ಹೋಯಿತು. ಇಷ್ಟು ಬೆಲೆಯ ಸೀಟಿನಲ್ಲಿ ಕೂತವರು ಹೊಸಬನನ್ನು ಅಗ್ಗದಲ್ಲಿ ಬಿಟ್ಟುಕೊಳ್ಳುತ್ತಾರಾ?

450 ಕೊಟ್ಟರೂ ಮುಗಿಯುವುದಿಲ್ಲ. ಮೊದಲ ರೇಸಿಗೂ ಮುಂಚೆಯೇ ನೂರಾರು ಜನರಿಗೆ ಸಂಬಳ ಕೊಡಬೇಕು, ಸ್ವಂತ ಎಂಜಿನ್ ಬರುವವರೆಗೆ ಫೆರಾರಿಯಿಂದ ಎಂಜಿನ್ ಕೊಳ್ಳಬೇಕು. 2016ರಲ್ಲಿ ಬಂದ ಹಾಸ್ ತಂಡ, ಬಿಡಿಭಾಗಗಳನ್ನೂ ಫೆರಾರಿಯಿಂದ ಕೊಂಡು ಖರ್ಚು ಉಳಿಸಿತ್ತು. ಎಂಜಿನ್, ಗೇರ್‌ಬಾಕ್ಸ್ ಬಿಟ್ಟರೆ ಕ್ಯಾಡಿಲಾಕ್ ಆ ದಾರಿ ಹಿಡಿಯಲಿಲ್ಲ.

ಅಂದಹಾಗೆ, ಈ ತಂಡ ಕಟ್ಟಲು ಅವರು ಕರೆತಂದದ್ದು ಗ್ರೇಮ್ ಲೌಡನ್ ಅವರನ್ನು. 2010ರಲ್ಲಿ ಬಂದ ಆ ವರ್ಜಿನ್ ತಂಡವನ್ನು ನಡೆಸಿದವರಲ್ಲಿ ಒಬ್ಬರು.