ಸುರಂಗ ಬಾವಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ತೋರಿಸುವುದು ಹೇಗೆ?

ಪ್ರಶ್ನೆ: ಬೀದರ್ ಹತ್ತಿರ ಹೈಸ್ಕೂಲ್ ಮಾಸ್ತರ ನಾನು. ಇಲ್ಲಿನ ಒಂದು ಚಿಕ್ಕ ಮ್ಯೂಸಿಯಮ್ಮಿಗೆ ನೌಬಾದಿನ ಕರೇಜ್, ಅಂದರೆ ನೆಲದಡಿಯಲ್ಲೇ ನೀರು ಹರಿಸುವ ಸುರಂಗ ಬಾವಿಯ ಮಾದರಿ ಮಾಡಿಕೊಡಬೇಕು. ಬಹಮನಿ ಕಾಲದಲ್ಲಿ ಅದನ್ನು ತೋಡುತ್ತಿರುವ ದೃಶ್ಯ ಬೇಕಂತೆ. ಇಡೀ ಸುರಂಗ ಟೇಬಲ್ ಮೇಲೆ ಹಿಡಿಸುತ್ತದಾ? ಥರ್ಮಕೋಲ್ ನಡೆಯುತ್ತದಾ?

ಉತ್ತರ: ಗುರುಗಳೇ, ಇಡೀ ಸುರಂಗ ಬೇಡ. ಅದು ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ ಇದೆ. 1:1000 ಅಳತೆ ಹಿಡಿದರೆ ಎರಡು ಮೀಟರ್ ಟೇಬಲ್ ಸಾಲದು, ಅದರಲ್ಲಿ ಮನುಷ್ಯ ಸಾಸಿವೆ ಕಾಳಿನಷ್ಟು. 1:20 ಇಟ್ಟುಕೊಳ್ಳಿ. 20 ಮೀಟರ್ ಸುರಂಗ ಒಂದು ಮೀಟರಿನಲ್ಲಿ ಕೂರುತ್ತದೆ, ಆಳು 8 ಸೆಂಟಿಮೀಟರ್ ಬರುತ್ತಾನೆ, ಅವನ ಬಗ್ಗಿದ ಬೆನ್ನು ಕಾಣುತ್ತದೆ. ಪೂರ್ತಿ ನಕ್ಷೆ ಹಿಂದಿನ ಗೋಡೆಗಿರಲಿ.

ಒಂದು ಬದಿಯನ್ನು ಕಲ್ಲಂಗಡಿ ಕೊಯ್ದ ಹಾಗೆ ತೆರೆದುಬಿಡಿ. ಮೇಲೆ ನೆಲ, ನಡುವೆ ನೆಟ್ಟಗೆ ಇಳಿಯುವ ಬಾವಿ, ಕೆಳಗೆ ಸುರಂಗ. ತೋಡಿದ ಮಣ್ಣು ಹೊರಗೆ ಬರುವುದೂ, ಒಳಗಿನವರಿಗೆ ಗಾಳಿ ಬೆಳಕು ಹೋಗುವುದೂ ಆ ಬಾವಿಯಿಂದಲೇ ಅಲ್ವಾ, ಅದಕ್ಕೇ ಮೇಲೆ ರಾಟೆ ಕೂರಿಸಿ, ಹಗ್ಗಕ್ಕೆ ಮಣ್ಣಿನ ಬುಟ್ಟಿ ಕಟ್ಟಿ ಅರ್ಧ ದಾರಿಯಲ್ಲಿ ತೂಗುಬಿಡಿ, ನೋಡುವ ಮಗುವಿನ ಕಣ್ಣು ತಾನಾಗಿ ಕೆಳಗೆ ಇಳಿಯುತ್ತದೆ. ಸುರಂಗದ ಇಳಿಜಾರು ಮಾತ್ರ ಕಂಡೂ ಕಾಣದ ಹಾಗಿರಲಿ. ನೀರು ರಭಸವಾಗಿ ಹರಿದರೆ ತಳವೇ ಕೊಚ್ಚಿಹೋಗುತ್ತದೆ. ಇರಾನಿನಿಂದ ಬಂದ ಈ ವಿದ್ಯೆಯ ಜೀವ ಇರುವುದೇ ಆ ಇಳಿಜಾರಿನಲ್ಲಿ.

ಥರ್ಮಕೋಲ್ ಬೇಡವೇ ಬೇಡ. ನಾನೊಮ್ಮೆ ಅದರಲ್ಲಿ ಕೋಟೆ ಮಾಡಿ ಒಂದು ಶಾಲೆಗೆ ಕೊಟ್ಟಿದ್ದೆ. ಎರಡೇ ವರ್ಷಕ್ಕೆ ಹಳದಿಯಾಗಿ, ಬುರುಜಿನ ಅಂಚು ಕಾಳು ಕಾಳಾಗಿ ಉದುರಿತ್ತು, ನೋಡಿ ಹೊಟ್ಟೆ ಉರಿಯಿತು. ಒತ್ತಾಗಿರುವ ಎಕ್ಸ್‌ಪಿಎಸ್ ಫೋಮ್ ಹಲಗೆ ತನ್ನಿ. ರಬ್ಬರ್ ಗಮ್ ತಾಗಿದರೆ ಅದು ಕರಗುತ್ತದೆ, ಫೆವಿಕಾಲ್ ಸಾಕು.

ಇನ್ನು ಕಲ್ಲು. ಬೀದರಿನ ಜಂಬಿಟ್ಟಿಗೆ ಕಲ್ಲಿಗೆ ಮೈತುಂಬಾ ತೂತು. ಒಂದು ತುಂಡನ್ನು ಎದುರಿಗಿಟ್ಟುಕೊಂಡೇ ಕೆಲಸ ಮಾಡಿ. ತಂತಿ ಬ್ರಶ್ಶಿನಿಂದ ಫೋಮನ್ನು ಚುಚ್ಚಿ, ಎಳೆಯಬೇಡಿ, ಎಳೆದರೆ ಮರದ ಗೆರೆ ಥರ ಆಗುತ್ತದೆ. ಮೊದಲು ಕಡು ಕಂದು ಬಣ್ಣ ತೂತಿನೊಳಗೆಲ್ಲ ಇಳಿಯಲಿ. ಒಣಗಿದ ಮೇಲೆ ಬ್ರಶ್ಶನ್ನು ಬಟ್ಟೆಗೆ ಒರೆಸಿ, ಉಳಿದ ಚೂರು ಕೆಂಪನ್ನು ಮೇಲುಮೇಲೆ ಸವರಿ. ತೂತು ಕಪ್ಪಗೆ, ಉಬ್ಬು ಕೆಂಪಗೆ, ಕಲ್ಲೇ ಎದ್ದು ಬಂದ ಹಾಗಿರುತ್ತದೆ!

ಮೇಲಿನ ನೆಲಕ್ಕೆ ನಿಜವಾದ ಮಣ್ಣು ಹಾಕುವುದಾದರೆ ಜರಡಿ ಹಿಡಿದು, ಬಾಣಲೆಯಲ್ಲಿ ಚೆನ್ನಾಗಿ ಹುರಿದು ಹಾಕಿ, ಇಲ್ಲದಿದ್ದರೆ ಹುಳ ಬೀಳುತ್ತದೆ. ಆಳುಗಳಿಗೆ ತಾಮ್ರದ ತಂತಿ, ಎಂ-ಸೀಲ್. ನೀರಿಗೆ ರೆಸಿನ್, ಅಂದರೆ ಗಾಜಿನಂತೆ ಗಟ್ಟಿಯಾಗುವ ದ್ರವ, ತೆಳುವಾಗಿ, ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು.

ಆಳುಗಳ ಬಟ್ಟೆ, ರಾಟೆಯ ಆಕಾರ ನಮ್ಮ ಊಹೆ ಅಂತ ಫಲಕದಲ್ಲಿ ಬರೆಯಿರಿ. ಮತ್ತೆ, ಸುರಂಗದ ತಳ ಮ್ಯೂಸಿಯಮ್ಮಿನ ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಬರಲಿ, ಐದನೇ ಕ್ಲಾಸಿನ ಮಕ್ಕಳಿಗೂ ಸುರಂಗದೊಳಗೆ ಇಟ್ಟ ದೀಪ ಕಾಣಬೇಕು.