ಒಲೆ ಕಟ್ಟಿದ ಮೇಲೆ ಯಾರು ನೋಡ್ಕೋತಾರೆ?

ಪ್ರಶ್ನೆ: ಗಾಳಿಯಂತ್ರ, ಸೋಲಾರ್ ಪ್ಯಾನೆಲ್ ಎಲ್ಲ ಮುಂದುವರಿದ ದೇಶದವರೇ ಮಾಡಿದ್ದು. ಪರಿಸರ ಉಳಿಸುವ ಹೊಸ ತಂತ್ರಜ್ಞಾನ ನಮ್ಮಂಥ ದೇಶಗಳಲ್ಲಿ ಯಾಕೆ ಹುಟ್ಟುವುದಿಲ್ಲ? ನಮಗೆ ತಲೆ ಇಲ್ಲವೋ, ದುಡ್ಡಿಲ್ಲವೋ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ತಲೆ ಇಲ್ಲ ಅನ್ನುವ ಮಾತು ಬಿಡಿ. ಡೆನ್ಮಾರ್ಕ್ ಕಥೆ ಕೇಳಿ. 1973ರಲ್ಲಿ ತೈಲದ ಬೆಲೆ ಏರಿದಾಗ ಆ ದೇಶ ಕಂಗಾಲಾಯಿತು, ಅಲ್ಲಿ ಉರಿಯುತ್ತಿದ್ದುದು ಬಹುಪಾಲು ಹೊರಗಿನಿಂದ ತಂದ ಎಣ್ಣೆ. ಆಗ ಕ್ರಿಶ್ಚಿಯನ್ ರೀಸೇಗರ್ ಎಂಬ ಬಡಗಿ ಮನೆಯ ಹಿತ್ತಲಲ್ಲೇ 22 ಕಿಲೋವ್ಯಾಟಿನ ಗಾಳಿಯಂತ್ರ ನಿಲ್ಲಿಸಿದರು. ಜನರೇಟರ್ ಜಾಗಕ್ಕೆ ಒಂದು ಮಾಮೂಲಿ ಮೋಟಾರು, ಗೇರಿಗೂ ಬ್ರೇಕಿಗೂ ಕಾರಿನ ಬಿಡಿಭಾಗ. ನಮ್ಮೂರ ಗ್ಯಾರೇಜಿನ ಹುಡುಗರು ಮಾಡುವ ಥರವೇ ಅಲ್ವಾ?

ವ್ಯತ್ಯಾಸ ಆಮೇಲಿನದು. 1978ರಲ್ಲಿ ರಿಸೋ ಎಂಬಲ್ಲಿ ಪರೀಕ್ಷಾ ಕೇಂದ್ರ ಬಂತು. ಅಲ್ಲಿ ಪಾಸಾದ ಯಂತ್ರ ಕೊಂಡರೆ ಮರುವರ್ಷದಿಂದ ಶೇ. 30ರಷ್ಟು ಹಣ ಸರ್ಕಾರದ್ದು. ಜನ ಧೈರ್ಯವಾಗಿ ಕೊಂಡರು, ಎಲ್ಲಿ ಕೆಡುತ್ತದೆ ಅಂತ ಗೊತ್ತಾಯಿತು, ಮುಂದಿನ ಯಂತ್ರ ಇನ್ನಷ್ಟು ಗಟ್ಟಿಯಾಯಿತು. ಇವತ್ತು ಅವರ ಕರೆಂಟಿನಲ್ಲಿ ಸುಮಾರು ಅರ್ಧ ಗಾಳಿಯದ್ದು. ಇನ್ನು ಸೋಲಾರ್: ಸಿಲಿಕಾನ್ ಕೋಶ 1954ರಲ್ಲಿ ಅಮೆರಿಕದಲ್ಲಿ ಹುಟ್ಟಿತು, ಈಗ ಪ್ಯಾನೆಲ್ ಬಹುಪಾಲು ಚೀನಾದಿಂದ ಬರುತ್ತಿದೆ.

ನಮ್ಮಲ್ಲೂ 1974ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆಂದೇ ತಂತ್ರಜ್ಞಾನ ರೂಪಿಸುವ 'ಅಸ್ತ್ರ' ಎಂಬ ಕೇಂದ್ರ ಶುರುಮಾಡಿದ್ದರು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಗಣಿ ಗ್ಯಾಸಿನಿಂದ ಎಂಜಿನ್ ಓಡಿಸಿ ದೀಪ, ನೀರು ಕೊಟ್ಟರು. ಗ್ಯಾಸ್ ತೆಗೆದು ಉಳಿದ ಬಗ್ಗಡ ಸಗಣಿ ಕೊಟ್ಟವರ ಹೊಲಕ್ಕೇ ವಾಪಸ್. ಅಸ್ತ್ರ ಒಲೆ ನಮ್ಮಜ್ಜಿ ಮನೆಯಲ್ಲೂ ಇತ್ತು. ಒಂದೇ ಉರಿಗೆ ಮೂರು ಪಾತ್ರೆ, ಸೌದೆ ಕೆಳಗೆ ಕಂಬಿ ಜಾಲರಿ, ಹೊಗೆ ಹೋಗಲು ಕೊಳವೆ. ಅನ್ನ, ಸಾರು ಆಗುವಷ್ಟರಲ್ಲಿ ಮೂರನೇ ಪಾತ್ರೆಯ ನೀರೂ ಕಾಯುತ್ತಿತ್ತು, ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ನಿಂತಿತ್ತು. ಕೆಲವು ವರ್ಷಕ್ಕೆ ಕೊಳವೆಯಲ್ಲಿ ಮಸಿ ಕಟ್ಟಿತು, ಒಲೆಯ ಬಾಯಿ ಬಿರುಕು ಬಿಟ್ಟಿತು. ಕಟ್ಟಿಕೊಟ್ಟವರು ಮತ್ತೆ ಈ ಕಡೆ ಬರಲೇ ಇಲ್ಲ. ಅಜ್ಜಿ ಪಕ್ಕದಲ್ಲೇ ಮೂರು ಕಲ್ಲಿಟ್ಟುಕೊಂಡರು. 1980ರ ದಶಕದಲ್ಲಿ ಶುರುವಾದ, ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವೂ 2002ರಲ್ಲಿ ನಿಂತುಹೋಯಿತು.

ದುಡ್ಡು ಬೇಕು, ಸುಳ್ಳಲ್ಲ. ಆದರೆ ಹೊಸ ಒಲೆ ಕಟ್ಟುವುದಕ್ಕೆ ಸಿಗುವ ದುಡ್ಡು, ಕಟ್ಟಿದ್ದನ್ನು ವರ್ಷಕ್ಕೆರಡು ಸಲ ರಿಪೇರಿ ಮಾಡುವ ಗಾರೆಯವರ ಕೂಲಿಗೆ ನಮ್ಮಲ್ಲಿ ಸಿಗುವುದಿಲ್ಲ. ನನಗೆ ಬೇಜಾರು ಅದೇ. ನಿಮ್ಮೂರಿಗೆ ಸೋಲಾರ್ ಬೀದಿದೀಪ ಬಂದರೆ, ಬ್ಯಾಟರಿ ಹೋದಾಗ ಯಾರಿಗೆ ಫೋನ್ ಮಾಡಬೇಕು ಅಂತ ಪಂಚಾಯಿತಿಯಲ್ಲಿ ಅವತ್ತೇ ಕೇಳಿ ಬರೆಸಿಟ್ಟುಕೊಳ್ಳಿ.