ಹಗುರ ಎಪಿಸೋಡ್ ಬಿಟ್ಟು ನೋಡಬಹುದಾ ಅಂತ ಕೇಳಿದವರಿಗೆ

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ಶಾಲಾ ಹುಡುಗರು ಸಣ್ಣಪುಟ್ಟ ರಹಸ್ಯ ಬಿಡಿಸುವ ಜಪಾನಿ ಅನಿಮೆ 'ಹ್ಯೋಕಾ' ಶುರು ಮಾಡಿದ್ದೀರಿ, ಮುಖ್ಯ ಕಥೆಗೆ ಸಂಬಂಧ ಇಲ್ಲದ ಎಪಿಸೋಡ್ ಹಾರಿಸಿದರೆ ನಡೆಯುತ್ತಾ ಅಂತ ಕೇಳಿದ್ದೀರಿ. ಇನ್ನೊಂದು ಪತ್ತೇದಾರಿ ಅನಿಮೆ 'ಡಿಟೆಕ್ಟಿವ್ ಕೋನನ್' ಬಗ್ಗೆಯೂ ಅದೇ ಪ್ರಶ್ನೆ. ಜೊತೆಗೆ ನೀವೇ ಬರೆಯುತ್ತಿರುವ ಪತ್ತೇದಾರಿ ಕಥೆಯಲ್ಲಿ ಅಪಾರ್ಟ್‌ಮೆಂಟ್ ವಾಚ್‌ಮನ್ ಪಾತ್ರಕ್ಕೆ ಜೀವ ಬರುತ್ತಿಲ್ಲ, ಬರೀ ಗೇಟ್ ತೆಗೆದು 'ಯಾರೂ ಬರಲಿಲ್ಲ ಸಾರ್' ಅನ್ನುತ್ತಾನೆ ಅಂದಿದ್ದೀರಿ. ಈ ಮೂರೂ ಒಂದಕ್ಕೊಂದು ಅಂಟಿಕೊಂಡ ವಿಷಯ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಕೆಳಗೆ ಸ್ಪಾಯ್ಲರ್ ಇದೆ. 'ಹ್ಯೋಕಾ' ಪೂರ್ತಿ ನೋಡಿ ಮುಗಿಸಬೇಕು ಅಂತಿದ್ದರೆ ಇದನ್ನು ಸೇವ್ ಮಾಡಿಟ್ಟುಕೊಂಡು ಆಮೇಲೆ ಓದಿ.

ಮೊದಲು 'ಹ್ಯೋಕಾ'. ಕ್ಯೋಟೋ ಅನಿಮೇಶನ್ 2012ರಲ್ಲಿ ಮಾಡಿದ್ದು, ಇರುವುದೇ 22 ಎಪಿಸೋಡ್. ಒಂದನ್ನೂ ಬಿಡಬೇಡಿ. ನಾನು ಮೊದಲ ಸಲ ನೋಡಿದಾಗ ಯಾರದೋ ಪಟ್ಟಿ ನಂಬಿ 18ನೇ ಎಪಿಸೋಡ್ ಬಿಟ್ಟಿದ್ದೆ. ಎರಡನೇ ಸಲ ನೋಡುವಾಗ ಅದು ಕಣ್ಣಿಗೆ ಬಿತ್ತು. ಮುಗಿದ ಮೇಲೆ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಅದರಲ್ಲಿ ಕೊಲೆ ಇಲ್ಲ, ಕಳ್ಳತನ ಇಲ್ಲ. ಕ್ಲಬ್ಬಿನ ಕೋಣೆಯಲ್ಲಿ ನಾಲ್ವರು ಹರಟುತ್ತಿರುತ್ತಾರೆ. ಹೊರಗೆ ಹೆಲಿಕಾಪ್ಟರ್ ಹೋಗುತ್ತದೆ. ಕಥಾನಾಯಕ ಓರೆಕಿ ಹೋತಾರೋಗೆ ಮಿಡ್ಲ್ ಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಓಗಿ ನೆನಪಾಗುತ್ತಾರೆ. ಅವರು ಒಂದು ದಿನ ಪಾಠ ನಿಲ್ಲಿಸಿ, ಕಿಟಕಿ ಹತ್ತಿರ ಹೋಗಿ ಹೆಲಿಕಾಪ್ಟರ್ ನೋಡಿ, ನನಗೆ ಹೆಲಿಕಾಪ್ಟರ್ ಇಷ್ಟ ಅಂದಿದ್ದರಂತೆ. ಆದರೆ ಬೇರೆ ಯಾವ ದಿನವೂ ಅವರು ಹೆಲಿಕಾಪ್ಟರ್ ಕಡೆ ತಲೆ ಎತ್ತಿ ನೋಡಿದ್ದಿಲ್ಲ. ಮೈ ಬಗ್ಗಿಸದ ಹೋತಾರೋ ತಾನಾಗಿಯೇ ಇದು ಯಾಕೆ ಅಂತ ತಿಳಿಯಬೇಕು ಅನ್ನುತ್ತಾನೆ. ಸ್ನೇಹಿತರಿಗೆ ಗಾಬರಿ! ಇಲ್ಲಿಯವರೆಗೆ ಪೂರ್ತಿ ತಮಾಷೆಯೇ.

ಆಮೇಲೆ ಅವನು ಕ್ಲಬ್ಬಿನ ಗೆಳತಿ ಚಿತಾಂಡಾ ಜೊತೆ ಲೈಬ್ರರಿಗೆ ಹೋಗಿ ಹಳೇ ಪೇಪರ್ ತೆಗೆಸುತ್ತಾನೆ. ಓಗಿ ಮೇಷ್ಟ್ರು ಬೆಟ್ಟ ಹತ್ತುವವರು. ಆ ದಿನ ಅವರ ಜೊತೆಯವರು ಬೆಟ್ಟದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮೋಡ ಇದ್ದರೆ ರಕ್ಷಣೆಗೆ ಹೆಲಿಕಾಪ್ಟರ್ ಹಾರುವುದಿಲ್ಲ. ಅವರು ನೋಡಿದ್ದು ಹೆಲಿಕಾಪ್ಟರ್ ಹಾರಿತಾ, ಬೆಟ್ಟದ ಸಾಲು ತಿಳಿಯಾಗಿದೆಯಾ ಅಂತ. ಮಕ್ಕಳ ಮುಂದೆ ಅದನ್ನು ಹೇಳಲಾಗದೆ 'ಇಷ್ಟ' ಅಂದುಬಿಟ್ಟರು. ಮತ್ತೆಂದಾದರೂ ಎದುರಾದಾಗ, 'ನಿಮಗೆ ಹೆಲಿಕಾಪ್ಟರ್ ಇಷ್ಟ ಅಲ್ವಾ ಸಾರ್' ಅಂತ ಬಾಯಿ ತಪ್ಪಿ ಕೇಳಿಬಿಟ್ಟರೆ ಅವರಿಗೆ ಎಷ್ಟು ನೋವಾಗುತ್ತದೋ ಅನ್ನುವುದೇ ಹೋತಾರೋನ ಚಿಂತೆ.

ಈ ಮೇಷ್ಟ್ರು ಇಡೀ ಸರಣಿಯಲ್ಲಿ ಇರುವುದೇ ಒಂದು ನೆನಪಾಗಿ. ಅವರ ಕಥೆಯನ್ನು ಯಾರೂ ಕೂರಿಸಿ ಹೇಳುವುದಿಲ್ಲ. ಆದರೂ ಅವರು ನನ್ನ ಮನಸ್ಸಿನಿಂದ ಹೋಗಿಲ್ಲ. ಯಾಕೆ ಅಂತ ಯೋಚಿಸಿದಾಗ ನನಗೆ ಹೊಳೆದದ್ದು ಇಷ್ಟು. ಪತ್ತೇದಾರಿ ಕಥೆಯಲ್ಲಿ ನಾವು ಎಲ್ಲರನ್ನೂ ಅನುಮಾನದ ಕಣ್ಣಿನಿಂದಲೇ ನೋಡುತ್ತೇವೆ. ಅಡುಗೆಯವಳು ಒಂದು ಮಾತಾಡಿದರೂ ಅದು ಸುಳಿವಾ, ಸುಳ್ಳಾ ಅಂತ ತೂಗುತ್ತೇವೆ. ಆ ತೂಕದಲ್ಲಿ ಅವಳು ಎಂಥವಳು ಅನ್ನುವುದೇ ಕಳೆದುಹೋಗುತ್ತದೆ. ಹಗುರ ಎಪಿಸೋಡ್‌ನಲ್ಲಿ ಯಾರ ಮೇಲೂ ಅನುಮಾನ ಇಲ್ಲ. ಆಗ ಅದೇ ಅಡುಗೆಯವಳನ್ನು ನೆಂಟರ ಹಾಗೆ ನೋಡುತ್ತೇವೆ. ಎಲೆಮರೆಯ ಕಾಯಿ ಕಾಣುವುದು ಅಲ್ಲೇ.

12ರಿಂದ 17ರವರೆಗಿನ ಶಾಲಾ ಹಬ್ಬದ ಭಾಗವನ್ನು ನಿಧಾನವಾಗಿ ನೋಡಿ. ಅದರಲ್ಲಿ 14ನೆಯದು ಅಡುಗೆ ಸ್ಪರ್ಧೆ. ಚಿತಾಂಡಾ ಉತ್ಸಾಹದಲ್ಲಿ ಇದ್ದಬದ್ದ ಸಾಮಾನೆಲ್ಲ ಬಳಸಿಬಿಡುತ್ತಾಳೆ. ಅದೇ ಗುಂಪಿನ ಇಬಾರಾ ಮಾಯಾಕಾ ಮಾಂಗಾ (ಜಪಾನಿ ಕಾಮಿಕ್ಸ್) ಕ್ಲಬ್ಬಿನ ಜಗಳದಿಂದ ತಡವಾಗಿ ಓಡಿಬರುವಷ್ಟರಲ್ಲಿ ಚೂರುಪಾರು ತರಕಾರಿ ಮಾತ್ರ ಉಳಿದಿರುತ್ತದೆ. ಹೋತಾರೋ ಮೇಲಿನ ಕಿಟಕಿಯಿಂದ ಒಂದು ಚೀಲ ಹಿಟ್ಟು ಎಸೆಯುತ್ತಾನೆ. ಆ ಹಿಟ್ಟೂ ಒಂದು ವಸ್ತು ಕೊಟ್ಟು ಇನ್ನೊಂದು ಪಡೆಯುತ್ತಾ ಅವನ ಕೈಸೇರಿದ್ದು. ಮಾಯಾಕಾ ಅದರಲ್ಲಿ ಕಾಕಿಯಾಗೆ ಕರಿಯುತ್ತಾಳೆ, ನಮ್ಮ ಪಕೋಡದ ಥರದ್ದು. ನಾವು ನಗುತ್ತಾ ನೋಡುತ್ತಿರುವಾಗಲೇ ಪಕ್ಕದಲ್ಲಿ ಒಂದು ಸೌಟು ಕಾಣೆಯಾಗಿದೆ ಅನ್ನುವುದು ಗೊತ್ತಾಗುತ್ತದೆ. ಕ್ಲಬ್ಬುಗಳಿಂದ ಒಂದೊಂದೇ ವಸ್ತು ಕಾಣೆಯಾಗುವುದೇ ಇಡೀ ಹಬ್ಬದ ರಹಸ್ಯ, ಅದಕ್ಕೆ ಆ ಸೌಟು ಒಂದು ಮುಖ್ಯ ಕೊಂಡಿ. ಗದ್ದಲದ ನಡುವೆ ಸುಳಿವು ಇಡುವುದು ಅಂದರೆ ಇದು.

ಅದೇ ಹಬ್ಬದಲ್ಲಿ ಮಾಂಗಾ ಕ್ಲಬ್ಬಿನ ಹಿರಿಯ ಹುಡುಗಿ ಕೋಚಿ ಇದ್ದಾಳೆ. ವೇಷ ಹಾಕಿಕೊಂಡು ಕೂತು, ಶ್ರೇಷ್ಠ ಕೃತಿ ಅಂತ ಯಾವುದೂ ಇಲ್ಲ, ಎಲ್ಲ ಓದುವವರ ಮೇಲಿದೆ ಅಂತ ಮಾಯಾಕಾ ಜೊತೆ ವಾದ ಹೂಡುತ್ತಾಳೆ. ಮೊದಲಿಗೆ ಸುಮ್ನೆ ಜಗಳಗಂಟಿ ಅನ್ನಿಸುತ್ತಾಳೆ. ಕೊನೆಗೆ ಗೊತ್ತಾಗುವುದು, ಮಾಯಾಕಾ ಹೊಗಳಿದ ಮಾಂಗಾದ ಕಥೆ ಬರೆದವಳು ಕೋಚಿಯ ಗೆಳತಿ. ಗೆಳತಿ ತನಗಿಂತ ಎಷ್ಟು ಮುಂದೆ ಅಂತ ಒಪ್ಪಿಕೊಳ್ಳಲಾಗದೆ ಆ ಪುಸ್ತಕವನ್ನು ಅವಳು ಪೂರ್ತಿ ಓದಿಯೇ ಇಲ್ಲ. ಆ ತಮಾಷೆಯ ವಾದ ಮೊದಲು ಬರದಿದ್ದರೆ ಈ ಮಾತು ನಮಗೆ ತಟ್ಟುತ್ತಲೇ ಇರಲಿಲ್ಲ.

7ನೇ ಎಪಿಸೋಡಿನ ಬಿಸಿನೀರಿನ ಬುಗ್ಗೆ ಪ್ರವಾಸವೂ ಹೀಗೇ. ದೆವ್ವ ಕಂಡಿತು ಅಂತ ಶುರುವಾಗಿ, ಅಕ್ಕನ ಯುಕಾತಾವನ್ನು (ತೆಳು ಹತ್ತಿಯ ಜಪಾನಿ ಉಡುಗೆ) ಕೇಳದೆ ಉಟ್ಟ ತಂಗಿಯ ಹತ್ತಿರ ಬಂದು ನಿಲ್ಲುತ್ತದೆ.

ಇನ್ನು 'ಕೋನನ್'. ಇಲ್ಲಿ ಲೆಕ್ಕ ಬೇರೆ. 1996ರಿಂದ ಬರುತ್ತಿದೆ, 1,100ಕ್ಕೂ ಜಾಸ್ತಿ ಎಪಿಸೋಡ್ ಇದೆ. ಎಲ್ಲ ನೋಡಿ ಅಂತ ನಾನು ಹೇಳುವುದಿಲ್ಲ. ಆದರೆ ಬಿಡುವ ಮೊದಲು ಒಂದು ಗೊಂದಲ ಸರಿ ಮಾಡಿಕೊಳ್ಳಿ. ಫಿಲ್ಲರ್ ಅಂದರೆ ಮಾಂಗಾದಲ್ಲಿ ಇಲ್ಲದೆ ಟಿವಿಗೆಂದೇ ಬರೆದದ್ದು. ಪತ್ತೇದಾರ ಕೋನನ್‌ನನ್ನು ಮಗುವಿನ ದೇಹಕ್ಕೆ ಇಳಿಸಿದ ಅಪರಾಧಿಗಳ ಗುಂಪು, ಅಂದರೆ ಕಪ್ಪು ಸಂಘಟನೆಯ ಕಥೆ ಇಲ್ಲದ್ದೆಲ್ಲ ಫಿಲ್ಲರ್ ಅಲ್ಲ. ಸಂಘಟನೆಯ ಎಪಿಸೋಡ್ ಮಾತ್ರ ಕೊಡುವ ಪಟ್ಟಿ ಹಿಡಿದು ಹೊರಟರೆ ಪೊಲೀಸ್ ಇಲಾಖೆಯ ಪ್ರೇಮಕಥೆಗಳು ಕೈತಪ್ಪುತ್ತವೆ. ಅವೇ ನನಗೆ ಈ ಸರಣಿಯಲ್ಲಿ ತುಂಬಾ ಇಷ್ಟ.

ತಕಾಗಿ ಅನ್ನುವ ಪೊಲೀಸನನ್ನೇ ನೋಡಿ. ಟಿವಿಯಲ್ಲಿ ಮೊದಲು ಅವನಿಗೆ ಹೆಸರೂ ಇರಲಿಲ್ಲ. ದನಿ ಕೊಟ್ಟ ನಟ ವತಾರು ತಕಾಗಿ ಅವರ ಹೆಸರೇ ಪಾತ್ರಕ್ಕೂ ಅಂಟಿತು. ಆಮೇಲೆ ಮಾಂಗಾದ ಲೇಖಕ ಗೋಶೋ ಅಓಯಾಮಾ ಅವನನ್ನು ಮಾಂಗಾಕ್ಕೂ ತಂದುಕೊಂಡರು. ಅವನು ಸಹೋದ್ಯೋಗಿ ಸಾತೋಳನ್ನು ಇಷ್ಟಪಡುತ್ತಾನೆ, ಬಾಯಿಬಿಟ್ಟು ಹೇಳಲಾರ. ಇಬ್ಬರೂ ಹೊರಗೆ ಹೊರಟರೆ ಶಿರಾತೋರಿ ಮತ್ತು ಇಲಾಖೆಯ ಉಳಿದ ಗಂಡಸರು ಹೊಟ್ಟೆಕಿಚ್ಚಿನಿಂದ ಹಿಂಬಾಲಿಸುತ್ತಾರೆ. ನಗು ತಡೆಯಲು ಆಗುವುದಿಲ್ಲ.

ಅದೆಲ್ಲ ನೋಡಿದ ಮೇಲೆ 304ನೇ ಎಪಿಸೋಡ್‌ಗೆ ಬನ್ನಿ, 2003ರ ಜನವರಿಯಲ್ಲಿ ಬಂದ ದೊಡ್ಡ ವಿಶೇಷ ಕಂತು. ಹಿಂದೆ ಬಾಂಬಿಗೆ ಬಲಿಯಾದ ಮತ್ಸುದಾ ಅನ್ನುವ ಸಹೋದ್ಯೋಗಿಯನ್ನು ಸಾತೋ ಇನ್ನೂ ಮರೆತಿಲ್ಲ. ಅದೇ ಬಾಂಬಿನವನು ಮತ್ತೆ ಬರುತ್ತಾನೆ. ಲಿಫ್ಟಿನಲ್ಲಿ ಕೋನನ್ ಜೊತೆ ಬಾಂಬಿನ ಎದುರು ಕೂರುವವನು ಇದೇ ತಡವರಿಸುವ ತಕಾಗಿ. ಕೊನೆಗೆ ಅವನು ಸಾತೋಗೆ ಹೇಳುವುದು ಮತ್ಸುದಾನನ್ನು ಮರೆಯಬೇಡಿ ಅಂತ, ಸತ್ತವರು ಉಳಿಯುವುದು ನಮ್ಮ ನೆನಪಿನಲ್ಲೇ ಅಂತ. ತಾನು ಪ್ರೀತಿಸುವ ಹೆಣ್ಣಿಗೆ ಇನ್ನೊಬ್ಬನನ್ನು ಮರೆಯಬೇಡ ಅನ್ನುವ ಗುಣ ಅವನಲ್ಲಿದೆ ಅಂತ ನಾವು ನಂಬುವುದು, ಅಷ್ಟು ದಿನ ಅವನ ಪೇಚಾಟ ನೋಡಿದ್ದರಿಂದ. 304 ಒಂದನ್ನೇ ನೋಡಿದರೆ ಅದು ಒಳ್ಳೇ ಥ್ರಿಲ್ಲರ್ ಅನ್ನಿಸುತ್ತದೆ, ಅಷ್ಟೆ.

ಹಾಗಾದರೆ ಯಾವುದನ್ನು ಬಿಡಬಹುದು? ಸತ್ತವನು ಹೊಸಬ, ಅನುಮಾನದ ಮೂವರೂ ಹೊಸಬರು, ಎಪಿಸೋಡ್ ಮುಗಿದ ಮೇಲೆ ಯಾರೂ ಮತ್ತೆ ಬರುವುದಿಲ್ಲ. ಅಂಥವನ್ನು ಧೈರ್ಯವಾಗಿ ಬಿಡಿ. ಪೊಲೀಸರು, ಮಕ್ಕಳ ಪತ್ತೇದಾರಿ ಗುಂಪು, ಅಗಾಸಾ ಪ್ರೊಫೆಸರ್, ಇವರಲ್ಲಿ ಯಾರಾದರೂ ನಡುವಿನಲ್ಲಿದ್ದರೆ ಇಟ್ಟುಕೊಳ್ಳಿ. 2022ರಲ್ಲಿ ಬಂದ 'ಕೋನನ್'ನ ಉಪಸರಣಿ 'ಝೀರೋಸ್ ಟೀ ಟೈಮ್' ಆರೇ ಎಪಿಸೋಡ್. ಪೊಆರೋ ಕೆಫೆಯಲ್ಲಿ ಗುರುತು ಮರೆಸಿಕೊಂಡ ಪೊಲೀಸ್ ಅಮುರೋ ಸ್ಯಾಂಡ್‌ವಿಚ್ ಮಾಡುವುದು, ನಾಯಿಮರಿ ಸಾಕುವುದು, ಹೀಗೆ. ಮುದ್ದಾಗಿದೆ. ಆದರೆ ಯಾರಿಗೂ ಏನೂ ಪಣಕ್ಕಿಲ್ಲ, ಅದಕ್ಕೇ ತಕಾಗಿಯಷ್ಟು ಆಳಕ್ಕೆ ಇಳಿಯುವುದಿಲ್ಲ ಅಂತ ನನ್ನ ಅನಿಸಿಕೆ. ಕೊನೆಗೆ ನೋಡಿದರೆ ಸಾಕು.

ಈಗ ನಿಮ್ಮ ವಾಚ್‌ಮನ್. ಅವನ ಕಷ್ಟದ ಬಾಲ್ಯವನ್ನು ಫ್ಲ್ಯಾಶ್‌ಬ್ಯಾಕ್‌ನಲ್ಲಿ ಹೇಳಲು ಹೋಗಬೇಡಿ. ಕೊಲೆಗೆ ಎರಡು ಅಧ್ಯಾಯ ಮೊದಲು ಅವನಿಗೆ ಒಂದು ಹಗುರ ಅಧ್ಯಾಯ ಕೊಡಿ. ಪತ್ತೇದಾರ ಅಲ್ಲಿ ಇರಲೇಬೇಕು ಅಂತಿಲ್ಲ. ಅವನಿಗೆ ಒಂದು ಸಣ್ಣ ಆಸೆ ಇರಲಿ, ಒಂದು ಅಭ್ಯಾಸ ಇರಲಿ. ಉದಾಹರಣೆಗೆ, ಮಕ್ಕಳು ಕಾರ್ ಪಾರ್ಕಿಂಗ್‌ನಲ್ಲಿ ಕ್ರಿಕೆಟ್ ಆಡಬಾರದು ಅಂತ ಸೆಕ್ರೆಟರಿ ಹೇಳಿದ್ದಾರೆ. ಇವನು ಚೆಂಡು ಕಿತ್ತುಕೊಳ್ಳಬೇಕು. ಕಿತ್ತುಕೊಳ್ಳುತ್ತಾನೆ, ಪ್ರತಿ ಚೆಂಡಿನ ಮೇಲೂ ಮಗುವಿನ ಹೆಸರು ಪೆನ್ನಿನಲ್ಲಿ ಬರೆದು ಒಂದು ಅಕ್ಕಿ ಚೀಲದಲ್ಲಿ ಇಡುತ್ತಾನೆ. ಭಾನುವಾರ ಸೆಕ್ರೆಟರಿ ಊರಿಗೆ ಹೋದ ಮೇಲೆ ಕರೆದು ಕರೆದು ವಾಪಸ್ ಕೊಡುತ್ತಾನೆ. ಒಬ್ಬ ಹುಡುಗನ ಮನೆಯವರು ಖಾಲಿ ಮಾಡಿಕೊಂಡು ಹೋಗಿದ್ದಾರೆ, ಅವನ ಚೆಂಡು ಮಾತ್ರ ಚೀಲದಲ್ಲೇ ಉಳಿದಿದೆ. ಅದರ ಮೇಲಿನ ಹೆಸರು ಅಳಿಸಿದಾಗಲೆಲ್ಲ ಮತ್ತೆ ಬರೆಯುತ್ತಾನೆ. ಕೊಲೆಯಾದ ರಾತ್ರಿ ಟೆರೇಸ್ ಮೇಲೆ ಸಿಗುವ ಚೆಂಡು ಅದೇ ಆಗಲಿ. ಆಗ ಅವನು 'ಯಾರೂ ಬರಲಿಲ್ಲ ಸಾರ್' ಅಂದರೆ ಓದುವವರು ಅವನ ಮುಖ ನೋಡುತ್ತಾರೆ.

ಆ ಅಧ್ಯಾಯ ಬರೆದರೆ ಇಲ್ಲೇ ಹಾಕಿ, ಖಂಡಿತ ಓದುತ್ತೇನೆ. ಅದಕ್ಕೆ ಮೊದಲು 18ನೇ ಎಪಿಸೋಡ್ ನೋಡಿ, ಓಗಿ ಮೇಷ್ಟ್ರು ಕಿಟಕಿ ಹತ್ತಿರ ನಿಂತ ಆ ಒಂದು ಶಾಟ್ ಮಾತ್ರ ಎರಡು ಸಲ ನೋಡಿ.